ಬೀಗದೊಳಗಿದ್ದ ಸ್ಟ್ಯಾಂಡುಗಳು

ಕ್ಲಿಪ್ಪು ಮತ್ತೆ ಒಂದು ಸೈಜು ಚಿಕ್ಕದೇ ಕೊಟ್ಟಿದ್ದಾನೆ, ಪೊಟ್ಟಣದ ಮೇಲೆ ಹನ್ನೆರಡು ಅಂತ ಬರೆದು ಒಳಗೆ ಹತ್ತರದ್ದು, ಸ್ಪೇರ್ ಪಾರ್ಟ್ಸ್ ಅಂಗಡಿಯವನಿಗೆ ಕಣ್ಣು ಕಾಣುವುದಿಲ್ಲವೋ, ಹೆಂಗಸು ಬಂದು ಕೇಳಿದರೆ ಏನು ಕೊಟ್ಟರೂ ನಡೆಯುತ್ತದೆ ಅಂತಲೋ, ಹದಿನೇಳು ವರ್ಷವಾಯಿತು ಅದೇ ಕೌಂಟರಿನ ಮುಂದೆ ನಿಲ್ಲುತ್ತ, ನಾಳೆ ಅವನೆದುರೇ ಬಿಚ್ಚಿ ತೋರಿಸಬೇಕು — ಹಾಗೆಂದುಕೊಂಡೇ ಗೇಟು ತಳ್ಳಿದವಳಿಗೆ ಮೊದಲು ಕಂಡದ್ದು ಎರಡು ಅಂಗಾಲು. ಅಂಗಳದಲ್ಲಿ ಬಟ್ಟೆ ಹೊಲಿಯುವ ಟೈಲರ್ ಅವರ ಬಿಳಿ ಕಾರು, ಅದರ ಎಡಪಕ್ಕದ ಅಡಿಯಿಂದ ಹೊರಗೆ ಚಾಚಿದ ಅಂಗಾಲು, ಹಿಮ್ಮಡಿಯ ಬಿರುಕುಗಳಲ್ಲಿ ಎಷ್ಟು ಸೋಪು ಹಾಕಿ ತಿಕ್ಕಿದರೂ ಹೋಗದ ಗ್ರೀಸಿನ ಕಪ್ಪು, ಅಪ್ಪನ ಕಾಲು. ಇದರಲ್ಲಿ ಹೊಸತೇನಿಲ್ಲ, ಚಿಕ್ಕಂದಿನಿಂದ ಅಪ್ಪನ ಮುಖಕ್ಕಿಂತ ಅಂಗಾಲನ್ನೇ ಹೆಚ್ಚು ನೋಡಿದವಳು ಅವಳು, ಸ್ಕೂಲಿನಿಂದ ಬಂದರೆ ಅಂಗಾಲಿಗೇ ವರದಿ, ಅಪ್ಪಾ ಲೆಕ್ಕದಲ್ಲಿ ಎಪ್ಪತ್ತು ಬಂತು, ಹೆಬ್ಬೆರಳು ಒಂದು ಸಲ ಅಲ್ಲಾಡಿದರೆ ಅದೇ ಶಭಾಷ್, ಆದರೆ ಅದು ಆಗಿನ ಮಾತು, ಈಗ ಅಪ್ಪನಿಗೆ ಎಪ್ಪತ್ತಾರು, ಕೆಲಸ ಬಿಟ್ಟು ಎರಡು ವರ್ಷ, ಗ್ಯಾರೇಜು ಈಗ ಅವಳ ಕೈಯಲ್ಲಿ — ಕಣ್ಣು ತಾನಾಗಿಯೇ ಅಂಗಾಲಿನ ಪಕ್ಕಕ್ಕೆ ಸರಿಯಿತು, ಅಭ್ಯಾಸ ಅದು, ಕಾರಿನಡಿ ಯಾರಾದರೂ ಇದ್ದರೆ ಮೊದಲು ಎತ್ತಿದ ಕಾರನ್ನು ಹೊತ್ತು ನಿಲ್ಲುವ ಕಬ್ಬಿಣದ ಸ್ಟ್ಯಾಂಡ್ ನೋಡುವುದು. ಸ್ಟ್ಯಾಂಡ್ ಇಲ್ಲ. ಜಾಕ್ ಒಂದೇ. ಅದೂ ಕಾರಿನ ಡಿಕ್ಕಿಯಲ್ಲೇ ಬರುವ ಸಣಕಲು ಸ್ಕ್ರೂ ಜಾಕ್, ದಾರಿಯಲ್ಲಿ ಪಂಚರ್ ಆದರೆ ಟೈರ್ ಬದಲಿಸುವುದಕ್ಕಷ್ಟೇ ಇರುವಂಥದ್ದು, ಕೆಳಗೊಂದು ಹಲಗೆ ಕೂಡ ಇಟ್ಟಿಲ್ಲ, ಬರೀ ಮಣ್ಣು, ಬೆಳಗ್ಗೆ ಅಮ್ಮ ಗಿಡಗಳಿಗೆ ನೀರು ಬಿಟ್ಟ ಮಣ್ಣು, ಜಾಕಿನ ಪಾದದ ಒಂದಂಚು ಆಗಲೇ ಒಳಗಿಳಿದಿದೆ, ಜಾಕ್ ಗೇಟಿನ ಕಡೆಗೆ ವಾಲಿದೆ, ಸ್ವಲ್ಪವೇ, ನೋಡಿದವರಿಗೆ ಗೊತ್ತಾಗದಷ್ಟು.

ಕೂಗಬೇಡ. ಕೂಗಿದರೆ ಅಪ್ಪ ಬೆಚ್ಚುತ್ತಾರೆ, ಬೆಚ್ಚಿದರೆ ತಲೆ ಎತ್ತುತ್ತಾರೆ, ತಲೆ ಬಡಿದರೆ ಕೈ ಮೇಲೆ ಹೋಗಿ ಸಿಕ್ಕಿದ್ದನ್ನು ಹಿಡಿದು ಎಳೆಯುತ್ತದೆ. ಓಡಲೂಬೇಡ. ಟೈಲರ್ ಬಾನೆಟ್ಟಿನ ಮೇಲೆ ಅಂಗೈ ಊರಿ, ಮೈಭಾರವೆಲ್ಲ ಅದಕ್ಕೇ ಕೊಟ್ಟು, ಮೆಟ್ಟಿಲ ಮೇಲೆ ಬಟ್ಟೆ ಮಡಚುತ್ತಿದ್ದ ಅಮ್ಮನ ಜೊತೆ ಹರಟುತ್ತಿದ್ದಾರೆ, ಹತ್ತಿರ ಹೋಗಿ ಸಾವಕಾಶವಾಗಿ, ಹವಾಮಾನ ಕೇಳುವ ದನಿಯಲ್ಲಿ ಹೇಳಿದಳು, ಟೈಲರ್ ಸಾರ್, ಕೈ ತೆಗೀರಿ, ನಿಧಾನಕ್ಕೆ, ಒಂದು ಹೆಜ್ಜೆ ಹಿಂದೆ ಬನ್ನಿ. ಟೈಲರ್ ನಕ್ಕರು, ಯಾಕಕ್ಕಾ, ಪಾಲಿಶ್ ಹೋಗುತ್ತಾ? ಅವಳ ಮುಖ ನೋಡಿ ನಗು ಅಲ್ಲೇ ನಿಂತಿತು. ಹ್ಯಾಂಡ್ ಬ್ರೇಕ್ ಹಿಡೀತಿರ್ಲಿಲ್ಲ ಅಂತ ತಂದೆ ಅಕ್ಕಾ, ಮೇಸ್ತ್ರಿಗಳು ಐದು ನಿಮಿಷದ ಕೆಲಸ ಅಂದ್ರು. ಹ್ಯಾಂಡ್ ಬ್ರೇಕ್. ಅಂದರೆ ಕೇಬಲ್ ಸಡಿಲ ಮಾಡಿರುತ್ತಾರೆ, ಅಂದರೆ ಈಗ ಕಾರಿಗೆ ಹ್ಯಾಂಡ್ ಬ್ರೇಕೇ ಇಲ್ಲ, ಕಾರಿನ ಹಿಂಭಾಗ ಗೇಟಿಗೆ, ಅಂಗಳವೋ ಗೇಟಿನ ಕಡೆಗೇ ಇಳಿಜಾರು. ಗೇರಲ್ಲಿದೆಯಾ? ಗೊತ್ತಿಲ್ಲಕ್ಕಾ. ಬಾಗಿಲು ತೆಗೆದು ನೋಡಲು ಬರುವುದಿಲ್ಲ, ಬಾಗಿಲು ತೆಗೆದರೂ ಅಲ್ಲಾಡುತ್ತದೆ. ಅಪ್ಪಾ, ಅಂದಳು ಬಗ್ಗಿ, ನಾನು ಬಂದೆ. ಒಳಗಿನಿಂದ ಅಪ್ಪನ ದನಿ, ಬಂದ್ಯಾ ಮರಿ, ಹನ್ನೆರಡರ ಸ್ಪ್ಯಾನರ್ ಕೊಡು. ಕೊಡ್ತೀನಿ, ನೀವು ಕೈಕಾಲು ಆಡಿಸ್ಬೇಡಿ, ಹಾಗೇ ಇರಿ. ಹೂಂ ಹೂಂ, ಬೇಗ ಕೊಡು. ಹೊರಗೆ ಬನ್ನಿ ಅನ್ನಬಹುದಿತ್ತು, ಆದರೆ ಅಪ್ಪ ಹೊರಗೆ ಬರುವ ರೀತಿ ಅವಳಿಗೆ ಗೊತ್ತು, ಮಂಡಿ ಮಡಚುವುದಿಲ್ಲ, ಮೇಲಿನ ಕಬ್ಬಿಣ ಹಿಡಿದು ಜಗ್ಗಿ ಜಗ್ಗಿ ಮೈಯನ್ನು ಎಳೆದುಕೊಳ್ಳುತ್ತಾರೆ, ಈ ಜಾಕಿನ ಮೇಲೆ ನಾಲ್ಕು ಸಲ ಜಗ್ಗಿದರೆ — ಬೇಡ, ಮೊದಲು ಚಕ್ರ. ಸಾರ್, ಆ ಪಾತಿಯ ಎರಡು ಕಲ್ಲು ತಗೊಳ್ಳಿ, ಒಂದೊಂದು ಹಿಂದಿನ ಚಕ್ರದ ಹಿಂದೆ ಒತ್ತಿ ಇಡಿ, ಕಾರು ಮುಟ್ಟಬೇಡಿ, ಕಲ್ಲು ಮಾತ್ರ. ಟೈಲರ್ ಮೊಣಕಾಲೂರಿ ಕುಳಿತರು, ಇಸ್ತ್ರಿ ಮಾಡಿದ ಪ್ಯಾಂಟು ಮಣ್ಣಿಗೆ, ಸೂಜಿಗೆ ದಾರ ಪೋಣಿಸುವವರ ಹಾಗೆ ಉಸಿರು ಹಿಡಿದು ಕಲ್ಲನ್ನು ಟೈರಿಗೆ ಕೂರಿಸಿದರು. ಜಾಕ್ ತೆಗೆಯಲೆಂದು ಎತ್ತಿ ಹಾಕಿದ್ದ ಸ್ಟೆಪ್ನಿ ಅಲ್ಲೇ ಬಿದ್ದಿತ್ತು, ಅವಳು ಅದನ್ನು ಅಡ್ಡ ಮಲಗಿಸಿ ಅಪ್ಪನ ಮೊಣಕಾಲ ಪಕ್ಕದಲ್ಲಿ ಬಾಡಿಯ ಅಂಚಿನಡಿಗೆ ಕಾಲಿನಿಂದ ತಳ್ಳಿದಳು, ಪೂರ್ತಿ ಕಾಯುವುದಿಲ್ಲ ಇದು, ಸ್ಟೆಪ್ನಿಯ ದಪ್ಪಕ್ಕಿಂತ ಮನುಷ್ಯನ ಎದೆ ದಪ್ಪ, ಆದರೂ ಏನೂ ಇಲ್ಲದ್ದಕ್ಕಿಂತ ಮೇಲು, ಇನ್ನು ಸ್ಟ್ಯಾಂಡ್, ಸ್ಟ್ಯಾಂಡ್ ಶೆಡ್ಡಿನಲ್ಲಿ, ಶೆಡ್ಡಿಗೆ ಬೀಗ, ಬೀಗದ ಕೈ ಅವಳ ಜೇಬಿನಲ್ಲಿ.

ಬೀಗ ಹಾಕಿದ್ದು ಅವಳೇ. ಶೆಡ್ಡಿನ ಬಾಗಿಲಿಗೆ ಇಪ್ಪತ್ತು ಹೆಜ್ಜೆ, ಆ ಇಪ್ಪತ್ತು ಹೆಜ್ಜೆಯಲ್ಲೂ ಅದೊಂದೇ, ಬೀಗ ಹಾಕಿದ್ದು ನಾನೇ. ಹದಿನೈದು ದಿನದ ಹಿಂದೆ ಅಪ್ಪ ಯಾರದೋ ಗಾಡಿಯ ಚಕ್ರ ಕೂರಿಸಿ ನಾಲ್ಕು ನಟ್ಟಿನಲ್ಲಿ ಎರಡನ್ನೇ ಬಿಗಿದಿದ್ದರು, ಉಳಿದೆರಡು ಅಪ್ಪನ ಅಂಗಿ ಜೇಬಿನಲ್ಲಿ, ಒಗೆಯುವಾಗ ಅಮ್ಮನಿಗೆ ಸಿಕ್ಕವು, ಅವಳು ಸ್ಕೂಟರಿನಲ್ಲಿ ಊರೆಲ್ಲ ಸುತ್ತಿ ಆ ಗಾಡಿಯನ್ನು ಹಿಡಿದು ದಾರಿಯಲ್ಲೇ ನಟ್ಟು ಹಾಕಿ ಬಂದಳು, ಮರುದಿನದಿಂದ ಬೀಗ. ಅಪ್ಪನಿಗೆ ಹೇಳಲಿಲ್ಲ. ಕಳ್ಳರ ಕಾಟ ಅಂದಳು. ಸಾಮಾನು ಕೈಗೆ ಸಿಗದಿದ್ದರೆ ಕೆಲಸಕ್ಕೆ ಕೈ ಹಾಕುವುದಿಲ್ಲ ಅಂತ ಅವಳ ಲೆಕ್ಕಾಚಾರ, ಗಾಡಿಯವರು ತಮ್ಮ ಡಿಕ್ಕಿಯಲ್ಲೇ ಜಾಕು ಪಾನೆ ಹೊತ್ತು ತಿರುಗುತ್ತಾರೆ ಅನ್ನುವುದು ಅವಳ ಬುದ್ಧಿಗೆ ಹೊಳೆಯಲೇ ಇಲ್ಲ, ಮೆಟ್ಟಿಲ ಮೇಲಿಂದ ಅಮ್ಮ ಅವಳ ಬೆನ್ನಿಗೆ ಹೇಳುತ್ತಿದ್ದಾಳೆ, ಬೀಗದ ಕೈ ಕೇಳಿದ್ರು ಕಣೇ, ಎರಡು ಸಲ ಕೇಳಿದ್ರು, ನಿನ್ನ ಹತ್ರ ಇದೆ ಅಂದೆ. ಬೀಗದ ಕೈ ತಿರುಗಿತು, ಬೀಗ ಕಳಚಿ ಬಿತ್ತು, ಗೋಡೆಯ ಮೊಳೆಯಲ್ಲಿ ಎರಡೂ ಸ್ಟ್ಯಾಂಡು, ಕೆಂಪು ಬಣ್ಣ ಅಪ್ಪನೇ ಬಳಿದದ್ದು, ಕಣ್ಣಿಗೆ ಹೊಡೆಯಬೇಕು ಮರಿ, ಇಲ್ಲದಿದ್ರೆ ಮರೆತುಬಿಡ್ತೀವಿ. ಅವಳಿಗೆ ಆಗ ಹನ್ನೆರಡು ವರ್ಷ, ಹೆಣ್ಣುಮಗೂಗೆ ಇದೆಲ್ಲ ಯಾಕ್ರೀ ಅಂದವರಿಗೆ ಅಪ್ಪ ಉತ್ತರ ಕೊಡದೆ ಅವಳ ಕೈ ಹಿಡಿದು ಎತ್ತಿದ ಕಾರಿನ ಮೈಗೆ ಒತ್ತಿಸಿದ್ದರು, ತಳ್ಳು, ಜೋರಾಗಿ ತಳ್ಳು, ಸೊಂಟ ಕೊಟ್ಟು ತಳ್ಳು, ಬೀಳೋದಿದ್ರೆ ಈಗ್ಲೇ ಬೀಳ್ಲಿ, ನಾವಿನ್ನೂ ಹೊರಗಿದೀವಿ. ಜಾಕ್ ಇರೋದು ಎತ್ತೋಕೆ, ಹೊರೋಕಲ್ಲ. ಇಟ್ಟಿಗೆ ಇಡಬೇಡ, ಇಟ್ಟಿಗೆ ಹೇಳದೆ ಕೇಳದೆ ಪುಡಿಯಾಗುತ್ತೆ. ಸ್ಟ್ಯಾಂಡ್ ಇಲ್ವಾ, ಕೆಲಸ ಇಲ್ಲ, ಮನೆಗೆ ಹೋಗಿ ಮಲ್ಕೋ. ಎರಡು ಸ್ಟ್ಯಾಂಡು ಒಂದು ಕೈಯಲ್ಲಿ, ದಪ್ಪ ಹಲಗೆ ಇನ್ನೊಂದು ಕಂಕುಳಲ್ಲಿ, ವಾಪಸ್ ಬರುವಾಗ ಇಪ್ಪತ್ತು ಹೆಜ್ಜೆ ಇಪ್ಪತ್ತಾಗಿರಲಿಲ್ಲ, ಎಷ್ಟಾಗಿತ್ತೋ, ಜಾಕ್ ವಾಲಿರುವುದು ಈಗ ಯಾರಿಗಾದರೂ ಕಾಣುವಂತಿದೆ, ಟೈಲರಿಗೂ ಕಂಡಿದೆ, ಅಕ್ಕಾ ಅಕ್ಕಾ ಅನ್ನುತ್ತಿದ್ದಾರೆ ಪಿಸುದನಿಯಲ್ಲಿ.

ಹಲಗೆ ಮಣ್ಣಿನ ಮೇಲೆ, ಜಾಕಿನ ಪಕ್ಕದಲ್ಲಿ. ಸ್ಟ್ಯಾಂಡ್ ಹಲಗೆಯ ಮೇಲೆ. ಅದರ ಕಂಬವನ್ನು ಮೇಲೆತ್ತಿದಳು, ಒಂದು ಹಲ್ಲು, ಟಕ್, ಇನ್ನೊಂದು ಹಲ್ಲು, ಟಕ್, ಮೂರನೆಯದು ಹೋಗುವುದಿಲ್ಲ, ಮೇಲೆ ತಗುಲುತ್ತದೆ, ಹಾಗಾದರೆ ಎರಡೇ. ಕೈ ಒಳಗೆ ಹಾಕದೆ ಬುಡ ಹಿಡಿದು ತಳ್ಳಿದಳು, ಬಾಡಿಯ ಅಂಚಿನಲ್ಲಿ ತಗಡು ಎರಡು ಪದರವಾಗಿ ಗಟ್ಟಿಯಾಗಿರುವ ಜಾಗಕ್ಕೆ ಸರಿಯಾಗಿ, ತೆಳು ತಗಡಿಗೆ ಕೊಟ್ಟರೆ ಸ್ಟ್ಯಾಂಡೇ ತೂರಿಕೊಂಡು ಹೋಗುತ್ತದೆ, ಸ್ಟ್ಯಾಂಡಿನ ತಲೆಗೂ ಅಂಚಿಗೂ ನಡುವೆ ಸ್ವಲ್ಪ ಜಾಗ ಉಳಿಯಿತು, ಉಳಿಯಲಿ, ಎರಡನೆಯದನ್ನು ಹಿಂದುಗಡೆ ಇಡಬೇಕು, ಅದಕ್ಕಾಗಿ ಕೆನ್ನೆ ನೆಲಕ್ಕೆ ತಾಗುವಷ್ಟು ಬಗ್ಗಿದಳು, ಒಳಗೆ ಅಪ್ಪ ಕಂಡರು, ಕತ್ತಲಲ್ಲಿ ಗದ್ದ, ಗಂಟಲು, ಅಂಗಿಯ ಮೂರನೇ ಗುಂಡಿ, ಮೇಲೆ ಸೈಲೆನ್ಸರ್ ಪೈಪು. ಸ್ಪ್ಯಾನರ್ ಎಲ್ಲೇ, ಅಂದರು ಅಪ್ಪ, ಇದು ಜಾರ್ತಾ ಇದೆ — ಕೇಬಲ್ಲನ್ನು ಒಂದು ಸಲ ಜಗ್ಗಿದರು. ಕಾರು ಹಿಂದಕ್ಕೆ ಒಂದು ಕೂದಲೆಳೆ ಸರಿದು ಕಲ್ಲಿಗೆ ಕೂತಿತು, ಜಾಕ್ ಮಣ್ಣಿನಿಂದ ಕಿತ್ತುಕೊಂಡು ಮಗ್ಗುಲಾಯಿತು, ಸದ್ದು ದೊಡ್ಡದೇನಲ್ಲ, ಕಪಾಟಿನ ಬಾಗಿಲು ಹಾಕಿದಷ್ಟು, ಅಷ್ಟೆ, ಕಾರು ಇಳಿಯಿತು, ನಿಂತಿತು. ಸ್ಟ್ಯಾಂಡಿನ ಮೇಲೆ ನಿಂತಿತು. ಅವಳ ಕೆನ್ನೆ ಇನ್ನೂ ನೆಲದಲ್ಲೇ ಇದೆ, ಕಣ್ಣು ಮಾತ್ರ ಗುಂಡಿಯ ಮೇಲೆ, ಬಿಳೀ ಗುಂಡಿ, ನಾಲ್ಕು ತೂತಿನದು, ಅದರ ಮೇಲೆ ಪೈಪು, ಮೊದಲು ಅಲ್ಲಿ ನಾಲ್ಕು ಬೆರಳು ಜಾಗವಿತ್ತು, ಈಗ ಎರಡು ಬೆರಳು. ಅಪ್ಪ ಉಸಿರು ಎಳೆದುಕೊಂಡಾಗ ಒಂದು ಬೆರಳು. ಬಿಟ್ಟಾಗ ಎರಡು. ಏನೇ ಅದು ಸದ್ದು, ಅಂದರು ಅಪ್ಪ. ಏನಿಲ್ಲ ಅಪ್ಪಾ, ಅಲ್ಲಾಡಬೇಡಿ. ಎರಡನೇ ಸ್ಟ್ಯಾಂಡ್ ಇಟ್ಟಳು, ಶೆಡ್ಡಿನಿಂದ ದೊಡ್ಡ ಟ್ರಾಲಿ ಜಾಕ್ ತಳ್ಳಿಕೊಂಡು ಬಂದು ಹಲಗೆಯ ಮೇಲೆ ಕೊಟ್ಟು ಎತ್ತಿ, ಎರಡೂ ಸ್ಟ್ಯಾಂಡನ್ನು ಇನ್ನೆರಡೆರಡು ಹಲ್ಲು ಏರಿಸಿ, ಆಮೇಲೆ ಅಪ್ಪನ ಎರಡೂ ಕಣಕಾಲು ಹಿಡಿದು, ಟೈಲರ್ ಸೊಂಟದ ಹತ್ತಿರ ಕೈ ಕೊಟ್ಟು, ಮಂಚದ ಅಡಿಯಿಂದ ಟ್ರಂಕು ಎಳೆದ ಹಾಗೆ ಎಳೆದರು. ಅಯ್ಯೋ ಬಿಡ್ರೋ, ನಾನೇನು ಹೆಣವಾ, ಅಂತ ಅಪ್ಪ ಬೈದರು, ಅಮ್ಮ ಮಡಚಿದ ಬಟ್ಟೆಯ ರಾಶಿಯನ್ನು ಎದೆಗೆ ಅವಚಿಕೊಂಡು ನಿಂತವಳು ಆ ಬೈಗುಳ ಕೇಳಿ ಮತ್ತೆ ಮೆಟ್ಟಿಲ ಮೇಲೆ ಕುಳಿತಳು.

ಅಪ್ಪ ಗೋಡೆಗೊರಗಿ ಕುಳಿತು ಕೈಯ ಮಣ್ಣು ಕೊಡವಿ ಮಗ್ಗುಲಾಗಿ ಬಿದ್ದ ಜಾಕನ್ನು ನೋಡಿದರು, ಕೆಂಪು ಸ್ಟ್ಯಾಂಡುಗಳನ್ನು ನೋಡಿದರು, ಬಹಳ ಹೊತ್ತು ನೋಡಿದರು. ಬೈಯಬೇಕು ಅಂದುಕೊಂಡಿದ್ದಳು, ಬಾಯಿ ತುಂಬ ಮಾತಿತ್ತು, ನೀವೇ ಕಲಿಸಿದ್ದಲ್ವಾ, ಸ್ಟ್ಯಾಂಡ್ ಇಲ್ಲದಿದ್ರೆ ಕೆಲಸ ಇಲ್ಲ ಅಂತ ನೀವೇ ಅಲ್ವಾ ಅಂದದ್ದು, ಆದರೆ ಅಪ್ಪನೇ ಮೊದಲು ಬಾಯಿ ಬಿಟ್ಟರು, ಸ್ಟ್ಯಾಂಡ್ ಬೇಕಿತ್ತು ಮರಿ, ಬೀಗ ಹಾಕಿತ್ತು. ದೂರಲಿಲ್ಲ, ಬಸ್ಸು ಬರಲಿಲ್ಲ ಅನ್ನುವ ಹಾಗೆ ಅಂದರು ಅಷ್ಟೆ. ಅಂದರೆ ನೆನಪಿತ್ತು. ಅರ್ಧ ನೆನಪಿತ್ತು, ಸ್ಟ್ಯಾಂಡ್ ಬೇಕು ಅನ್ನುವುದು ನೆನಪಿತ್ತು, ಅದಿಲ್ಲದಿದ್ದರೆ ಮಲಗಬಾರದು ಅನ್ನುವುದು ಎಲ್ಲೋ ಬಿದ್ದುಹೋಗಿತ್ತು, ಎರಡು ನಟ್ಟು ಜೇಬಿನಲ್ಲೇ ಉಳಿದ ಹಾಗೆ, ಎರಡು ಸಲ ಬೀಗದ ಕೈ ಕೇಳಿದ ಮನುಷ್ಯ ಮೂರನೇ ಸಲ ಕೇಳಲಿಲ್ಲ. ಕಳ್ಳರಿಗೋಸ್ಕರ ಅಲ್ಲ ಅಪ್ಪಾ ಬೀಗ, ನಿಮಗೋಸ್ಕರ, ಅಂದಳು. ಗೊತ್ತು ಬಿಡು, ಅಂದರು ಅಪ್ಪ. ಟೈಲರ್, ಕಾರು ನಾಳೆ ತಗೊಂಡು ಹೋಗ್ತೀನಿ ಅಕ್ಕಾ, ಅಂತ ಮಣ್ಣಾದ ಪ್ಯಾಂಟಿನಲ್ಲೇ ನಡೆದು ಹೋದರು, ಅಮ್ಮ ಚಹಾ ಮಾಡಿದಳು, ಅಪ್ಪ ಬಟ್ಟಲಿಗೆ ಹುಯ್ದುಕೊಂಡು ಕುಡಿಯುತ್ತ ಹ್ಯಾಂಡ್ ಬ್ರೇಕಿನ ಕೇಬಲ್ ಎಲ್ಲಿ ತುಂಡಾಗಿದೆ ಅಂತ ವಿವರಿಸಿದರು, ಸರಿಯಾಗಿಯೇ ಹೇಳಿದರು, ಒಂದು ಅಕ್ಷರ ತಪ್ಪಿಲ್ಲ. ಇನ್ನು ಸ್ಟ್ಯಾಂಡು ಜಗುಲಿಯ ಮೇಲೇ ಇರಲಿ, ಬೀಗ ಜಾಕುಗಳಿಗೆ, ಗಾಡಿ ಬಂದ ತಕ್ಷಣ ಡಿಕ್ಕಿಯ ಜಾಕೂ ಶೆಡ್ಡಿನೊಳಗೆ, ಮತ್ತೆ ಅಪ್ಪ ದಿನಾ ತನ್ನ ಪಕ್ಕದಲ್ಲೇ ಸ್ಟೂಲು ಹಾಕಿಕೊಂಡು ಕೂರಲಿ, ತಾನು ಕಾರಿನಡಿಗೆ ಹೋಗುವ ಮುಂಚೆ ಕಾರನ್ನು ಸೊಂಟ ಕೊಟ್ಟು ತಳ್ಳಿ ನೋಡುವ ಕೆಲಸ ಅವರದ್ದು, ಅದನ್ನು ಅವರು ಮರೆತರೆ ತನಗೆ ನೆನಪಿರುತ್ತದೆ, ಮುಂದಿನ ವಾರ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಬೇಕು, ಬರುವುದಿಲ್ಲ ಅಂತಾರೆ, ಅಮ್ಮನಿಗೆ ಅಂತ ಹೇಳಿ ಕರೆದುಕೊಂಡು ಹೋಗುವುದು, ಇಲ್ಲ, ಸುಳ್ಳು ಬೇಡ, ನಿಮಗೇ ಅಂತಲೇ ಹೇಳುವುದು, ನಾಳೆ ಕ್ಲಿಪ್ಪು ಬದಲಾಯಿಸಿಕೊಂಡು ಬರುವಾಗ ಕೇಬಲ್ಲೂ ತಂದುಬಿಟ್ಟರೆ ಟೈಲರ್ ಕಾರು ಸಂಜೆಗೆ — ಅಪ್ಪ ಬಟ್ಟಲು ಕೆಳಗಿಟ್ಟು ನಿಟ್ಟುಸಿರು ಬಿಟ್ಟರು, ಅಂಗಿ ಎದೆಯ ಮೇಲೆ ಏರಿ ಇಳಿಯಿತು — ಸಂಜೆಗೆ ಏನು, ಸಂಜೆಗೆ, ಗುಂಡಿ, ಬಿಳೀ ಗುಂಡಿ, ಮೇಲೆ ಪೈಪು, ನಡುವೆ ಎರಡು ಬೆರಳು, ಉಸಿರು ಎಳೆದರೆ ಒಂದು.