ಗಾಡಿ ಹತ್ತದ ಗುಡ್ಡೆ

ಜೀಪಿನಿಂದ ಬಿಚ್ಚಿ ಕೆಳಗಿಟ್ಟಿದ್ದ, ಇಂಜಿನಿನ ಬಲವನ್ನು ಹಿಂದು ಮುಂದಿನ ಚಕ್ರಗಳಿಗೆ ಹಂಚುವ ಟ್ರಾನ್ಸ್‌ಫರ್ ಕೇಸಿನ ಬಿರುಕಿಗೆ ಮೆಕ್ಯಾನಿಕ್ ಚಂದ್ರು ಉಗುರು ಸಿಕ್ಕಿಸಿ ತೋರಿಸಿದ.

"ನೋಡಿ ಸಿಸ್ಟರ್, ಮೈಗೇ ಸೀಳು ಬಿದ್ದಿದೆ. ಒಳಗಿನ ಹಲ್ಲೂ ಸವೆದಿವೆ. ಈ ಮಾಡೆಲ್ದು ಶಿವಮೊಗ್ಗದಲ್ಲಿರಲಿ, ಬೆಂಗಳೂರಲ್ಲೂ ಸಿಗಲ್ಲ."

"ಹಂಗಾದ್ರೆ?"

"ಮುಂದಿನ ಚಕ್ರಕ್ಕೆ ಹೋಗೋ ಶಾಫ್ಟ್ ತೆಗೆದು, ಬರೀ ಹಿಂದಿನ ಚಕ್ರದ ಮೇಲೆ ಓಡೋ ಹಂಗೆ ಮಾಡ್ಕೊಡ್ತೀನಿ. ಕೋಟೆ ದೇವಸ್ಥಾನಕ್ಕೆ ಹೋಗಿಬರೋಕೆ ನಿಮಗೆ ಅಷ್ಟು ಸಾಕಲ್ವಾ?"

"ದೇವಸ್ಥಾನಕ್ಕೆ ಆಟೋ ಇದೆ ಮಾರಾಯ," ಎಂದಳು ಸುಭದ್ರಮ್ಮ. "ನಂಗೆ ಗುಡ್ಡ ಹತ್ತೋ ಗಾಡಿ ಬೇಕು."

ಮೂವತ್ತೆರಡು ವರ್ಷ ಆರೋಗ್ಯ ಸಹಾಯಕಿಯಾಗಿದ್ದವಳು ಅವಳು. ಆಗ ಈ ಜೀಪು ಇಲಾಖೆಯದು. ಲಸಿಕೆಯ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಎಡಗಡೆ ಸೀಟಿನಲ್ಲಿ ಕೂತು ಹಳ್ಳಿ ಸುತ್ತುತ್ತಿದ್ದಳು. ಭದ್ರಾವತಿಯಾಚೆ ಕಾಡಂಚಿನ ಮೇಲಿನಗುಡ್ಡೆ ಬಂತೆಂದರೆ ಡ್ರೈವರು ಬುಡದಲ್ಲೇ ನಿಲ್ಲಿಸಿ ಬೀಡಿ ಹಚ್ಚುತ್ತಿದ್ದ. "ಇಲ್ಲಿಂದ ಮೇಲೆ ಹತ್ತಲ್ಲ ಮೇಡಂ." ನಾಲ್ಕೂ ಚಕ್ರಕ್ಕೆ ಬಲ ಕೊಡುವ ಸಣ್ಣ ಲಿವರು ಅವನ ಮೊಣಕಾಲಿನ ಪಕ್ಕದಲ್ಲೇ ಇತ್ತು. ತುಕ್ಕು ಹಿಡಿದು ಬಿಗಿದುಕೊಂಡಿತ್ತು. ಅಲುಗಿಸಿ ನೋಡಿದವರೂ ಇರಲಿಲ್ಲ. ಸುಭದ್ರಮ್ಮ ಇಳಿದು ಮುಕ್ಕಾಲು ಗಂಟೆ ನಡೆಯುತ್ತಿದ್ದಳು.

ಮೇಲಿನಗುಡ್ಡೆಯಲ್ಲಿ ಹದಿನಾಲ್ಕು ಮನೆ. ಇಪ್ಪತ್ತು ವರ್ಷದ ಹಿಂದೆ ಅಲ್ಲಿನ ಚೌಡಮ್ಮನ ಮಗಳು ಹೆತ್ತಳು, ರಕ್ತ ನಿಲ್ಲಲಿಲ್ಲ. ಕಂಬಳಿಗೆ ಬಿದಿರು ಕಟ್ಟಿ ನಾಲ್ಕು ಜನ ಹೊತ್ತು ಇಳಿದರು. ಸುಭದ್ರಮ್ಮ ನಾಡಿ ಹಿಡಿದು ಪಕ್ಕದಲ್ಲೇ ಓಡಿದಳು. ಕೆಳಗೆ ಜೀಪಿನ ಹುಡ್ಡು ಕಣ್ಣಿಗೆ ಕಾಣುತ್ತಿರುವಾಗಲೇ ಬೆರಳಿಗೆ ನಾಡಿ ಸಿಗದಾಯಿತು. ಹೊತ್ತವರಿಗೆ ಹೇಳಲಿಲ್ಲ. ಹೇಳಿದರೆ ಅಲ್ಲೇ ಇಳಿಸಿಬಿಡುತ್ತಾರೆಂದು ಜೀಪಿನ ತನಕ ಓಡಿಸಿದಳು.

ಅವಳು ನಿವೃತ್ತಳಾದ ವರ್ಷವೇ ಜೀಪು ಗುಜರಿ ಹರಾಜಿಗೆ ಬಂತು. ಬೇರೆಯವರು ಕಬ್ಬಿಣದ ತೂಕ ನೋಡುತ್ತಿದ್ದರು. ಅವಳು ಕೊಂಡು ಮನೆ ಮುಂದೆ ತಂದು ನಿಲ್ಲಿಸಿದಳು. ಅರವತ್ತೊಂದನೇ ವಯಸ್ಸಿಗೆ ಡ್ರೈವಿಂಗ್ ಕಲಿತಳು.

"ಈಗ ಫೋನ್ ಮಾಡಿದ್ರೆ ಆಂಬುಲೆನ್ಸ್ ಬರುತ್ತಮ್ಮ," ಎಂದ ಮಗ ನವೀನ್, ವಿನೋಬನಗರದ ಮನೆಯಲ್ಲಿ ಊಟಕ್ಕೆ ಕೂತಾಗ.

"ಬರುತ್ತೆ. ಬುಡದ ತನಕ ಬರುತ್ತೆ."

"ರಸ್ತೆ ಮಾಡ್ಸೋದು ಸರ್ಕಾರದ ಕೆಲ್ಸ. ನಿನ್ ಸರ್ವಿಸ್ ಮುಗೀತು."

"ಸಂಬಳ ಮುಗೀತು," ಎಂದು ಅವನ ತಟ್ಟೆಗೆ ಇನ್ನೊಂದು ಸೌಟು ಸಾರು ಹಾಕಿದಳು.

ಮಾರನೇ ದಿನ ಜೀಪನ್ನು ಲಾರಿಗೇರಿಸಿ ಭದ್ರಾವತಿಗೆ ಒಯ್ದಳು. ಅಲ್ಲಿ ನ್ಯೂಟೌನಿನಲ್ಲಿದ್ದ ಯುವರಾಜ್, ಉಕ್ಕಿನ ಕಾರ್ಖಾನೆಯಲ್ಲಿ ಕಬ್ಬಿಣ ಕಡೆಯುವ ಟರ್ನರ್ ಆಗಿ ನಿವೃತ್ತನಾದವನು. ಮನೆ ಹಿಂದಿನ ಶೆಡ್ಡಿನಲ್ಲಿ ಒಂದು ಹಳೇ ಲೇತ್ ಇಟ್ಟುಕೊಂಡಿದ್ದ. ಅವನ ಇಬ್ಬರು ಮಕ್ಕಳಿಗೂ ಪೋಲಿಯೋ ಹನಿ ಹಾಕಿದ್ದು ಸುಭದ್ರಮ್ಮನೇ. ಅವನು ಜೀಪಿನ ಕೆಳಗೆ ತೂರಿ, ಬಹಳ ಹೊತ್ತು ನೋಡಿ ಹೊರಬಂದ.

"ಯಾರು ಆಗಲ್ಲ ಅಂದಿದ್ದು?"

"ಮೂರು ಗ್ಯಾರೇಜಿನವರು."

"ಪಾರ್ಟು ಸಿಕ್ಕಿದ್ರೆ ಹಾಕೋದು ಅವರಿಗೆ ಗೊತ್ತು. ಸಿಗದಿದ್ರೆ ಮಾಡೋದು ನಮಗೆ ಗೊತ್ತು ಸಿಸ್ಟರ್. ಆದ್ರೆ ಇದರ ಜಾತೀದೇ ಬೇಕು ಅಂತ ಹಟ ಹಿಡೀಬೇಡಿ. ಗುಜರೀಲಿ ಒಂದು ಜಿಪ್ಸಿ ಗಾಡಿ ಬಿದ್ದಿದೆ. ಅದರ ಕೇಸು ಇದಕ್ಕೆ ಕೂರಿಸ್ತೀನಿ."

ಹಳೆಯದು ಗೇರ್‌ಬಾಕ್ಸಿನ ಬೆನ್ನಿಗೇ ಅಂಟಿಕೊಂಡಿತ್ತು. ಜಿಪ್ಸಿಯದು ಹಾಗಲ್ಲ, ಚಾಸಿಯ ಮೇಲೆ ಬೇರೆಯಾಗಿ ನಿಲ್ಲುವಂಥದ್ದು. ಅದನ್ನು ಕೂರಿಸಲು ಯುವರಾಜ್ ಕಬ್ಬಿಣದ ಅಡ್ಡಪಟ್ಟಿ ಬೆಸೆದ. ಗೇರ್‌ಬಾಕ್ಸಿನಿಂದ ಅದಕ್ಕೆ ಒಂದು ಗಿಡ್ಡ ಶಾಫ್ಟ್ ಮಾಡಿದ. ಒಂದರ ಬೋಲ್ಟಿನ ತೂತು ಇನ್ನೊಂದಕ್ಕೆ ಹೊಂದದಿದ್ದಾಗ ನಡುವೆ ಕೂರಲು ದಪ್ಪ ಬಿಲ್ಲೆಗಳನ್ನು ಲೇತಿನಲ್ಲಿ ಕಡೆದ. ಸುಭದ್ರಮ್ಮ ದಿನಾ ಬೆಳಿಗ್ಗೆ ಬಸ್ಸಿನಲ್ಲಿ ಬಂದು, ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ, ಸೀಮೆಎಣ್ಣೆಯಲ್ಲಿ ಗೇರುಗಳ ಜಿಡ್ಡು ತೊಳೆದಳು.

ಒಂಬತ್ತನೇ ದಿನ ಗಾಡಿ ಬೀದಿಗಿಳಿಯಿತು. ಮೂರನೇ ಗೇರಿಗೆ ಬೀಳುತ್ತಲೇ ಸೀಟಿನಡಿ ಗರಗರ ಸದ್ದು, ಕಾಲಡಿಯ ತಗಡೆಲ್ಲ ನಡುಗತೊಡಗಿತು.

"ಶಾಫ್ಟು ಸ್ವಲ್ಪ ಓರೆಯಾಗಿದೆ," ಎಂದ ಯುವರಾಜ್ ತಲೆ ತಗ್ಗಿಸಿ. "ನಿಧಾನಕ್ಕೆ ಓಡಿಸಿದ್ರೆ ಗೊತ್ತಾಗಲ್ಲ."

"ನಂಗೆ ಗೊತ್ತಾಯ್ತಲ್ಲ. ಬಿಚ್ಚಿ."

ಅವನು ಅವಳ ಮುಖ ನೋಡಿದ. ಕಾರ್ಖಾನೆ ಬಿಟ್ಟ ಮೇಲೆ ಅವನ ಕೆಲಸವನ್ನು ಯಾರೂ ತಿರುಗಿ ಮಾಡೆಂದಿರಲಿಲ್ಲ; ನಡೆಯುತ್ತೆ ಬಿಡಿ ಎಂದು ಒಯ್ಯುತ್ತಿದ್ದವರೇ ಎಲ್ಲ. "ಬಿಚ್ತೀನಿ," ಎಂದು ಸ್ಪ್ಯಾನರ್ ಎತ್ತಿಕೊಂಡ. ಅಡ್ಡಪಟ್ಟಿ ಕತ್ತರಿಸಿ, ಕೇಸನ್ನು ಅರ್ಧ ಇಂಚು ಎಡಕ್ಕೆ ಸರಿಸಿ ಮತ್ತೆ ಬೆಸೆಯಲು ಇನ್ನೂ ಮೂರು ದಿನ ಹಿಡಿಯಿತು.

"ಆ ಗುಡ್ಡಕ್ಕೆ ನಾನಂತೂ ಬರಲ್ಲ," ಎಂದ ನವೀನ್ ಫೋನಿನಲ್ಲಿ.

"ಬಾ ಅಂದ್ನೇನೋ?"

ಭಾನುವಾರ ಬೆಳಿಗ್ಗೆ ಮೇಲಿನಗುಡ್ಡೆಯ ಬುಡದಲ್ಲಿ, ಡ್ರೈವರು ಬೀಡಿ ಹಚ್ಚುತ್ತಿದ್ದ ಜಾಗದಲ್ಲಿ, ಅವಳು ನಿಲ್ಲಿಸಲಿಲ್ಲ. ಪಕ್ಕದಲ್ಲಿ ಯುವರಾಜ್ ಕಂಬಿ ಹಿಡಿದು ಕೂತಿದ್ದ. ಮೊದಲೆರಡು ತಿರುವು ಸಲೀಸಾಗಿ ಕಳೆಯಿತು. ಮೂರನೆಯದು ಬರೀ ಬಂಡೆ, ಉರುಳುಗಲ್ಲು. ಅರ್ಧ ಏರಿದ ಜೀಪು ನಿಂತಲ್ಲೇ ಒದ್ದಾಡಿತು. ಚಕ್ರ ಸುತ್ತಿ ಸುತ್ತಿ ರಬ್ಬರು ಸುಟ್ಟ ವಾಸನೆ ಬಂತು. ಬಲಕ್ಕೆ ಇಳಿಜಾರು.

"ಸಾಕು ಸಿಸ್ಟರ್, ಹಿಂದಕ್ಕೆ ಬಿಡಿ. ಇಷ್ಟು ಬಂತಲ್ಲ."

"ಇಷ್ಟು ಬರೋಕೆ ಕಾಲೇ ಸಾಕಿತ್ತು."

ಬ್ರೇಕು ಒತ್ತಿ ಹಿಡಿದು, ಕ್ಲಚ್ಚು ತುಳಿದು, ಹೊಸ ಕೇಸಿನ ಲಿವರನ್ನು ಎಳೆದಳು. ಬರಲಿಲ್ಲ. ಅಂಗೈ ಬೆವೆತಿತ್ತು, ಸೀರೆಗೆ ಒರೆಸಿ ಮತ್ತೆ ಎಳೆದಳು. ಕಟ್ಟೆಂದು, ನಾಲ್ಕೂ ಚಕ್ರಕ್ಕೆ ಬಲ ಹರಿಯುವ ಲೋ ಗೇರಿಗೆ ಕೂತಿತು. ಕ್ಲಚ್ಚು ಮೆಲ್ಲಗೆ ಬಿಟ್ಟಳು. ಜೀಪು ಮನುಷ್ಯ ನಡೆಯುವುದಕ್ಕಿಂತ ನಿಧಾನವಾಗಿ, ಒಂದೊಂದೇ ಕಲ್ಲನ್ನು ಹುಡುಕಿ ಹಿಡಿಯುವಂತೆ, ಮೇಲಕ್ಕೆ ತೆವಳಿತು. ಯುವರಾಜ್ ಬಗ್ಗಿ ತಗಡಿಗೆ ಕಿವಿಯೊಡ್ಡಿದ. ಇಂಜಿನಿನ ಗುಡುಗಿನ ಕೆಳಗೆ ಅವನ ಶಾಫ್ಟು ಸದ್ದಿಲ್ಲದೆ ತಿರುಗುತ್ತಿತ್ತು.

ಮೇಲೆ ಕೋಳಿಗಳು ಚೆದುರಿದವು. ಇಂಜಿನಿನ ಸದ್ದು ಕೇಳಿ ಚೌಡಮ್ಮ ಸೆರಗು ಸರಿಮಾಡಿಕೊಳ್ಳುತ್ತ ಓಡಿಬಂದಳು. ಮುಖದಲ್ಲಿ ಗಾಬರಿ.

"ಯಾರಿಗೇನಾಯ್ತು ನರ್ಸಮ್ಮ?"

"ಯಾರಿಗೂ ಏನೂ ಆಗಿಲ್ಲ ಚೌಡಮ್ಮ. ಸುಮ್ನೆ ಬಂದೆ."

ಚೌಡಮ್ಮ ನಂಬಲಿಲ್ಲವೇನೋ, ಜೀಪಿನ ಸುತ್ತ ಒಂದು ಸುತ್ತು ಬಂದಳು. ಹಿಂದಿನ ಬಾಗಿಲು ತೆಗೆದಳು. ಒಳಗೆ ಬಗ್ಗಿ, ಒಬ್ಬರನ್ನು ಮಲಗಿಸಬಹುದೇ ಎಂಬಂತೆ ಉದ್ದ ಸೀಟಿನ ತುದಿಗೆ ಮೊಣಕೈ ಊರಿ, ಬೆರಳು ಚಾಚಿ ಮೊಳ ಹಾಕತೊಡಗಿದಳು. ಒಂದು. ಎರಡು. ಮೂರು. ಸೀಟು ಇನ್ನೂ ಸ್ವಲ್ಪ ಉಳಿದಿತ್ತು.