ಬೀಳುವ ಪಟ್ಟು

"ಅಯ್ಯಯ್ಯೋ! ಬೆನ್ನು ಹೋಯ್ತು!"

ಗಂಡನ ಕೂಗು ಕೇಳಿ ವಿಮಲಮ್ಮ ಒಲೆಯ ಮೇಲಿನ ಸಾರನ್ನು ಹಾಗೇ ಬಿಟ್ಟು ಓಡಿಬಂದರು. ತೋಂಟದಾರ್ಯ ಬಿದ್ದಿರಲಿಲ್ಲ. ನಡುಮನೆಯ ಬೆಂಚಿನ ಮೇಲೆ ಕೂತು ಮಗನ ಮೊಬೈಲನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದುಕೊಂಡಿದ್ದರು.

"ನಾನಲ್ಲ ಕಣೇ, ಇವ್ನು ಎರಿಕ್ಕು. ಯಾವನೋ ಹಗ್ಗದ ಮ್ಯಾಲಿಂದ ಇವನ ಮ್ಯಾಲೆ ಹಾರ್ಬುಟ್ಟ."

"ನನ್ನ ಜೀವ ಬಾಯಿಗೆ ಬಂದಿತ್ತಲ್ರೀ! ಇನ್ನೊಂದ್ಸಲ ಹಿಂಗೆ ಕೂಗಿದ್ರೆ ಆ ಮೊಬೈಲ್ ತಗಂಡೋಗಿ ಬಾವಿಗೆ ಹಾಕ್ತೀನಿ."

ವಿಮಲಮ್ಮ ಗಾಬರಿಯಾಗಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಹೋದ ಬೇಸಗೆಯಲ್ಲಿ ತೋಂಟದಾರ್ಯ ಬಚ್ಚಲಲ್ಲಿ ಜಾರಿ ಸೊಂಟ ಜಜ್ಜಿಕೊಂಡಿದ್ದರು. ಮೂಳೆ ಉಳಿದದ್ದೇ ಪುಣ್ಯ. ನೋವು ಹೋಯಿತು, ಭಯ ಹೋಗಲಿಲ್ಲ. ಬಿಳಿಗೆರೆಯ ಗರಡಿಯಲ್ಲಿ ಅಪ್ಪಂದಿರಿಗೂ ಅವರ ಮಕ್ಕಳಿಗೂ ಪಟ್ಟು ಹೇಳಿಕೊಟ್ಟ ಉಸ್ತಾದರು ಈಗ ಮನೆಯೊಳಗೂ ಗೋಡೆ ಹಿಡಿದು ನಡೆಯುತ್ತಿದ್ದರು. ತೋಟಕ್ಕೆ ಹೋಗುವುದನ್ನು ಬಿಟ್ಟರು, ಗರಡಿಯ ಕಡೆ ತಲೆ ಹಾಕುವುದನ್ನೂ ಬಿಟ್ಟರು. ಕೇಳಿದವರಿಗೆಲ್ಲ ಮಂಡಿನೋವು ಎನ್ನುತ್ತಿದ್ದರು. ಮಂಡಿ ಗಟ್ಟಿಮುಟ್ಟಾಗಿಯೇ ಇತ್ತು. ನೆಲ ಕಂಡರೆ ಹೆದರಿಕೆ ಎಂದು ಪೈಲ್ವಾನನೊಬ್ಬ ಯಾರ ಮುಂದೆ ಬಾಯಿಬಿಡಬೇಕು?

ಎರಿಕ್ ಈ ಮನೆಗೆ ಬಂದದ್ದು ಮೊಬೈಲಿನ ಮೂಲಕ. ಮಗ ಯೋಗೀಶ ತೆಂಗಿನ ನಾರಿನ ಪುಡಿಯನ್ನು ಇಟ್ಟಿಗೆಯ ಹಾಗೆ ಒತ್ತಿ ಹೊರದೇಶಕ್ಕೆ ಕಳಿಸುತ್ತಿದ್ದ. ಸ್ವೀಡನ್ನಿನಲ್ಲಿ ಗಾಜಿನ ಮನೆಯೊಳಗೆ ಟೊಮೆಟೊ ಬೆಳೆಯುವ ಎರಿಕ್ ಅವನ ಗಿರಾಕಿ. ಒಂದು ದಿನ ವಿಡಿಯೊ ಕರೆಯಲ್ಲಿ ಅವನ ಕಣ್ಣು ಊದಿಕೊಂಡಿದ್ದನ್ನು ನೋಡಿ ಯೋಗೀಶ ವಿಚಾರಿಸಿದಾಗ ಸಂಗತಿ ಹೊರಬಿತ್ತು. ವಾರವೆಲ್ಲ ಟೊಮೆಟೊ, ಶನಿವಾರ ಕುಸ್ತಿ! ಅಂದಿನಿಂದ ಅವನು ಕಳಿಸುವ ಕುಸ್ತಿಯ ವಿಡಿಯೊಗಳೆಲ್ಲ ತೋಂಟದಾರ್ಯರ ಪಾಲಾದವು.

ಟಿವಿಯಲ್ಲಿ ಬರುವ ಬೆಂಕಿ, ಹೊಗೆ, ಕೋಟಿಗಟ್ಟಲೆ ದುಡ್ಡಿನ ಕುಸ್ತಿ ಅದಲ್ಲ. ಯಾವುದೋ ಸಣ್ಣ ಊರಿನ ಶಾಲೆಯ ಹಾಲು, ಮಡಚುವ ಕುರ್ಚಿಗಳು, ನಮ್ಮ ಕಡೆಯ ನಾಮಕರಣಕ್ಕೆ ಸೇರುವಷ್ಟು ಜನ. ಪೈಲ್ವಾನರೇ ವ್ಯಾನಿನಿಂದ ಹಲಗೆ ಇಳಿಸಿ, ಹಗ್ಗ ಬಿಗಿದು ಅಖಾಡ ಕಟ್ಟಬೇಕು, ಮುಗಿದ ಮೇಲೆ ಅವರೇ ಬಿಚ್ಚಬೇಕು. ಅವರಲ್ಲಿ ಒಬ್ಬ ಬಸ್ ಡ್ರೈವರ್, ಒಬ್ಬಳು ನರ್ಸು. ಪಕ್ಕದ ನಾರ್ವೆಯಿಂದಲೂ ಡೆನ್ಮಾರ್ಕಿನಿಂದಲೂ ಇಂಥವರೇ ಬಂದು ಸೇರಿಕೊಳ್ಳುತ್ತಿದ್ದರು. ಎರಿಕ್ ಕರಿಕಂಬಳಿಯಂಥದ್ದನ್ನು ಹೊದ್ದು ಕರಡಿಯಾಗಿ ಬರುತ್ತಿದ್ದ, ಬಂದಾಗಲೆಲ್ಲ ಸೋಲುತ್ತಿದ್ದ.

ಕುಸ್ತಿ ಎಂಬುದು ಅಷ್ಟು ದೂರದ ಮಂಜಿನ ನಾಡಿನಲ್ಲೂ ಇದೆ, ಅಲ್ಲೂ ಬಡತನದಲ್ಲೇ ಇದೆ ಎಂದು ತಿಳಿದು ತೋಂಟದಾರ್ಯರಿಗೆ ಸಂಕಟವೂ ಆಯಿತು, ಸಮಾಧಾನವೂ ಆಯಿತು. "ಎಷ್ಟ್ ಸಲ ಬಿದ್ರೂ ಎದ್ದು ಬತ್ತಾನಲ್ಲೋ, ಎಂಥಾ ಗುಂಡಿಗೆ!" ಎನ್ನುತ್ತಿದ್ದರು. ಯೋಗೀಶ ಏನೋ ಹೇಳಲು ಬಾಯಿ ತೆರೆದವನು ಸುಮ್ಮನಾಗಿಬಿಡುತ್ತಿದ್ದ.

ಎರಿಕ್ ನಾರಿನ ಕಾರ್ಖಾನೆ ನೋಡಲು ಬರುತ್ತಾನೆಂದು ಗೊತ್ತಾದದ್ದೇ ತಡ, ತೋಂಟದಾರ್ಯ ಮಗನನ್ನು ಒಂದು ಮಾತೂ ಕೇಳದೆ ಗರಡಿಗೆ ಹೇಳಿಕಳಿಸಿದರು. ಪರವೂರಿನ ಪೈಲ್ವಾನ ಬಂದರೆ ಒಂದು ಕೈ ಕುಸ್ತಿ ಆಡಿಸದೆ ಕಳಿಸುವುದೆಂದರೆ ಊಟ ಹಾಕದೆ ಕಳಿಸಿದ ಹಾಗೆ. ಎದುರಿಗೆ ನಿಲ್ಲಲು ತಮ್ಮ ಶಿಷ್ಯ ರಂಗರಾಜುವನ್ನೇ ಗೊತ್ತುಮಾಡಿದರು.

"ಬ್ಯಾಡಪ್ಪಾ, ಪ್ರಯಾಣ ಮಾಡಿ ದಣಿದಿರ್ತಾನೆ," ಎಂದ ಯೋಗೀಶ.

"ಪೈಲ್ವಾನ ಕಣೋ ಅವ್ನು. ನಿನ್ನಂಗೆ ಲೆಕ್ಕಪತ್ರದೋನಲ್ಲ."

ಎರಿಕ್ ಬಂದಿಳಿದ ದಿನ ಮಧ್ಯಾಹ್ನ ಗರಡಿಯ ಮುಂದೆ ಅರ್ಧ ಊರೇ ನೆರೆದಿತ್ತು. ರಂಗರಾಜು ಕೆಮ್ಮಣ್ಣನ್ನು ಅಗೆದು, ಮಜ್ಜಿಗೆ ಚಿಮುಕಿಸಿ ಹದಮಾಡಿದ್ದ. ಮಗನ ತೋಳು ಹಿಡಿದು ತೋಂಟದಾರ್ಯ ಒಳಗೆ ಬಂದು ಕುರ್ಚಿಯಲ್ಲಿ ಕೂತರು. ಎರಿಕ್ ಬೂಟು ಬಿಚ್ಚಿಟ್ಟ. ಉಳಿದವರು ಮಾಡಿದ್ದನ್ನು ನೋಡಿ ತಾನೂ ಮಣ್ಣು ಮುಟ್ಟಿ ಹಣೆಗೆ ಒತ್ತಿಕೊಂಡ. ಜನಕ್ಕೆ ಅಷ್ಟಕ್ಕೇ ಅವನು ಹಿಡಿಸಿಬಿಟ್ಟ.

ರಂಗರಾಜು ಸೊಂಟಕ್ಕೆ ಕೈಹಾಕಿ ಎತ್ತಿ ಒಗೆದ. ಎರಿಕ್ ಗಾಳಿಯಲ್ಲಿ ತಿರುಗಿ ಅಂಗಾತ ಬಿದ್ದ. ಊರು ಹೋ ಎಂದಿತು. ಕುಂಟುತ್ತ, ಗರ್ಜಿಸುತ್ತ ಎದ್ದು ಬಂದ, ಮತ್ತೆ ಬಿದ್ದ. ಇನ್ನೊಂದು ಸಲ ರಂಗರಾಜು ನುಗ್ಗಿದಾಗ ತೋಂಟದಾರ್ಯರ ಕಣ್ಣಿಗೆ ಬಿತ್ತು: ರಂಗರಾಜು ಎತ್ತುವ ಮೊದಲೇ ಎರಿಕ್ಕನ ಪಾದ ನೆಲ ಬಿಟ್ಟಿತ್ತು.

"ನಿಲ್ಸ್ರೋ! ಬೇಕೂಂತ ಬೀಳ್ತಾವ್ನೆ ಇವ್ನು!"

ಗರಡಿ ಗಪ್‌ಚಿಪ್ಪಾಯಿತು. ಯೋಗೀಶ ಬಂದು ಪಕ್ಕದಲ್ಲಿ ಬಗ್ಗಿದ. "ಅಪ್ಪಾ, ಅವರ ಕುಸ್ತಿನೇ ಹಂಗೆ. ಯಾರು ಗೆಲ್ಬೇಕು, ಯಾರು ಸೋಲ್ಬೇಕು ಅಂತ ಮೊದ್ಲೇ ಮಾತಾಡ್ಕೊಂಡಿರ್ತಾರೆ. ಜನಕ್ಕೂ ಗೊತ್ತಿರ್ತದೆ. ನೀವು ಅಷ್ಟು ಖುಷಿಯಾಗಿ ನೋಡ್ತಿದ್ರಿ, ಹೇಳಕ್ಕೆ ಮನಸಾಗ್ಲಿಲ್ಲ."

ತೋಂಟದಾರ್ಯರ ಮುಖ ಕೆಂಪಾಯಿತು. ಬೇಕೆಂದೇ ಸೋತವನನ್ನು ಈ ಗರಡಿಯ ಹೊಸ್ತಿಲು ತುಳಿಯಲು ಬಿಟ್ಟವರಲ್ಲ ಅವರು. ಈಗ ಊರಿಗೆಲ್ಲ ಡಂಗುರ ಹೊಡೆಸಿ ಅಂಥವನನ್ನು ತಾವೇ ಕರೆತಂದು ಮಣ್ಣಿಗಿಳಿಸಿದ್ದರು. ಜನ ಮುಸಿಮುಸಿ ನಗುತ್ತ ಕರಗಿದರು. ಎರಿಕ್ಕನಿಗೆ ಭಾಷೆ ಬರದಿದ್ದರೂ ಏನೋ ಕೆಟ್ಟಿತೆಂದು ತಿಳಿಯಿತು. ಅವನು ತಲೆ ತಗ್ಗಿಸಿ ಹೇಳಿದ್ದನ್ನು ಯೋಗೀಶ ತಿಳಿಸಿದ.

"ಹೋದ ಊರಲ್ಲಿ ಆ ಊರಿನೋರನ್ನ ಗೆಲ್ಲಿಸೋದೇ ಮರ್ಯಾದೆಯಂತೆ. ಹಂಗೇ ಕಲ್ತಿರೋದಂತೆ. ತಪ್ಪಾಯ್ತು ಅಂತಾವ್ನೆ."

ಆಗ ರಂಗರಾಜು ಮೈಯ ಮಣ್ಣು ಒರೆಸಿಕೊಳ್ಳುತ್ತ ಹತ್ತಿರ ಬಂದ.

"ಉಸ್ತಾದ್ರೇ, ಅವ್ನು ಸುಳ್ಳುಸುಳ್ಳೇ ಬಿದ್ದಿರ್ಬೋದು, ನಾನು ಮಾತ್ರ ಸುಳ್ಳುಸುಳ್ಳೇ ಒಗೆದಿಲ್ಲ. ನಿಜವಾಗ್ಲೂ ಕುಕ್ಕಿದೀನಿ ಕಣ್ರೀ. ಬ್ಯಾರೆಯೋರಾಗಿದ್ರೆ ಆಸ್ಪತ್ರೆ ಸೇರ್ತಿದ್ರು."

ತೋಂಟದಾರ್ಯ ಎರಿಕ್ಕನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಅಷ್ಟು ಭಾರದ ಆಳು. ಬೆನ್ನ ತುಂಬ ಕೆಮ್ಮಣ್ಣು ಮೆತ್ತಿತ್ತು, ಒಂದು ತರಚು ಗಾಯವೂ ಇರಲಿಲ್ಲ. ಸೊಂಟ ಹಿಡಿದುಕೊಂಡಿರಲಿಲ್ಲ. ಸುಮ್ಮನೆ ನಿಂತಿದ್ದ, ಈಗತಾನೆ ನಿದ್ದೆಯಿಂದ ಎದ್ದವನ ಹಾಗೆ. ಬಚ್ಚಲಲ್ಲಿ ಒಂದೇ ಒಂದು ಸಲ ಬಿದ್ದದ್ದು ತಮ್ಮನ್ನು ಏನು ಮಾಡಿಹಾಕಿತ್ತೆಂಬುದು ಅವರಿಗೆ ನೆನಪಾಯಿತು.

"ಹೆಂಗೆ ಬಿದ್ದ ಅಂತ ಕೇಳು," ಎಂದರು ಮಗನಿಗೆ.

ಎರಿಕ್ ಗದ್ದವನ್ನು ಎದೆಗೆ ಒತ್ತಿ ತೋರಿಸಿದ. ಎರಡು ಕೈ ಅಗಲಿಸಿ, ಅಂಗೈಯಿಂದ ಗಾಳಿಯನ್ನು ಬಡಿದು ತೋರಿಸಿದ. ಯೋಗೀಶ ಹೇಳಿದ: "ಮೊದಲ್ನೇ ವರ್ಷವೆಲ್ಲ ಅವರಿಗೆ ಇದೊಂದೇ ಪಾಠವಂತೆ. ತಲೆ ನೆಲಕ್ಕೆ ತಾಗಬಾರ್ದು, ಉಸಿರು ಬಿಡ್ಬೇಕು, ಪೆಟ್ಟನ್ನ ಮೈಗೆಲ್ಲ ಹಂಚ್ಬೇಕು."

"ರಂಗರಾಜು, ಬಾಗ್ಲು ಎಳ್ಕೊಂಡು ಹೋಗಪ್ಪ," ಎಂದರು ತೋಂಟದಾರ್ಯ.

ಬಾಗಿಲು ಮುಚ್ಚಿತು. ಅವರಿಗೆ ನಾಚಿಕೆಯಾಗುತ್ತಿತ್ತು. ಜೀವಮಾನವೆಲ್ಲ ಈ ಜಾಗದಲ್ಲಿ ನಿಂತು ಬೀಳದಿರುವುದು ಹೇಗೆಂದು ಹೇಳಿಕೊಟ್ಟಿದ್ದರು.

"ಅವನಿಗೆ ಹೇಳು. ನಂಗೆ ಬೀಳಕ್ಕೆ ಭಯ ಅಂತ."

ಯೋಗೀಶ ಅಪ್ಪನ ಮುಖವನ್ನೇ ನೋಡಿದ. "ಅಪ್ಪಾ... ಮಂಡಿನೋವು ಅಂತಿದ್ರಲ್ಲ..."

"ಮಂಡಿಗೇನೂ ಆಗಿಲ್ಲ ಕಣೋ. ಹೇಳು."

ಮಗ ಎರಿಕ್ಕನಿಗೆ ಹೇಳಿದ. ಎರಿಕ್ ನಗಲಿಲ್ಲ. ಬಂದು ಕೈನೀಡಿದ. ತೋಂಟದಾರ್ಯ ಶರಟು ಬಿಚ್ಚಿ ಕುರ್ಚಿಗೆ ಹಾಕಿ, ಮಣ್ಣು ಮುಟ್ಟಿ ಹಣೆಗೊತ್ತಿಕೊಂಡು ಕೆಳಗಿಳಿದರು. ಮೊದಲು ಕೂತಲ್ಲಿಂದಲೇ ಹಿಂದಕ್ಕೆ ವಾಲುವುದು. ಎರಿಕ್ ಮಂಡಿಯೂರಿ ಅವರ ಕುತ್ತಿಗೆಯ ಹಿಂದೆ ಅಂಗೈ ಹಿಡಿದಿದ್ದ. ಬಹಳ ಹೊತ್ತು ಅದನ್ನೇ ಮಾಡಿಸಿದ. ಆಮೇಲೆ ಕುಕ್ಕರುಗಾಲಿನಿಂದ. ಅಲ್ಲಿ ಮುದುಕರು ಹಿಂದಕ್ಕೆ ವಾಲಲಾರದೆ ಮುಂದಕ್ಕೆ ಕೈಯೂರಿಬಿಟ್ಟರು. ಎರಿಕ್ ಕಾದ. ತೋಂಟದಾರ್ಯ ಕಣ್ಣುಮುಚ್ಚಿ, ಗದ್ದ ಒತ್ತಿ, ತಮ್ಮನ್ನು ತಾವು ಬಿಟ್ಟುಬಿಟ್ಟರು. ಅಂಗೈಗಳು ಮಣ್ಣಿಗೆ ಬಡಿದ ಸದ್ದು ಗರಡಿಯನ್ನೆಲ್ಲ ತುಂಬಿತು.

ಅವರು ಏಳಲಿಲ್ಲ. ಹೆಂಚಿನ ಸಂದಿಯಿಂದ ಬೀಳುತ್ತಿದ್ದ ಬಿಸಿಲನ್ನು ನೋಡುತ್ತ ಮಲಗಿದ್ದರು.

"ಅಪ್ಪಾ?" ಯೋಗೀಶ ಧಾವಿಸಿ ಬಂದು ತೋಳಿಗೆ ಕೈಹಾಕಿದ.

"ಮುಟ್ಬೇಡ ಬುಡೋ. ನಾನೇ ಏಳ್ತೀನಿ."

ಮಗ್ಗುಲಾಗಿ, ಮಣ್ಣಿಗೆ ಕೈಯೂರಿ, ನಿಧಾನವಾಗಿ ಎದ್ದು ನಿಂತರು. ಬೆನ್ನಿನ ಮಣ್ಣನ್ನು ಕೊಡವಿಕೊಳ್ಳದೆ ಮತ್ತೆ ಕುಕ್ಕರುಗಾಲಿನಲ್ಲಿ ಕೂತು ಕೈಗಳನ್ನು ಅಗಲಿಸಿದರು.