ಪಂಚಾಯ್ತಿ ರೇಡಿಯೊದ ಶಿಳ್ಳೆ

ಮುನಿವೆಂಕಟಪ್ಪ ಬಗ್ಗಿ ತಮ್ಮ ಪಿಳ್ಳಣ್ಣನ ಚಟ್ಟಕ್ಕೆ ಹೆಗಲು ಕೊಟ್ಟ. ತಮ್ಮನ ಹೆಂಡತಿ ಪಾಪಮ್ಮ ಅವನ ಕಡೆ ನೋಡಲಿಲ್ಲ. ಪಿಳ್ಳಣ್ಣ ಚಿನ್ನದಂಥ ಮನುಷ್ಯ, ಆ ರೇಡಿಯೊ ವಾಲ್ವಿನ ಹುಚ್ಚೊಂದು ಇರಬಾರದಿತ್ತು ಅಂತ ದಾರಿಯುದ್ದಕ್ಕೂ ಜನ ಆಡಿಕೊಂಡರು. ಸತ್ತವನ ಹಿಂದೆ ನಡೆಯುತ್ತಾ ಆಡುವ ಮಾತೇ ಇದು? ಮುನಿವೆಂಕಟಪ್ಪನೂ ಹೂಂ ಅಂದ.

* * *

ಪಿಳ್ಳಣ್ಣ ಬೆಂಗಳೂರಿನ ಸಂಡೆ ಬಜಾರಿನಿಂದ ಹಳೇ ರೇಡಿಯೊಗಳ ಗಾಜಿನ ವಾಲ್ವ್ ತಂದು, ತಾಮ್ರದ ತಂತಿ ಸುತ್ತಿ, ಹಲಗೆಯ ಮೇಲೆ ರೇಡಿಯೊ ಅಲೆ ಹುಟ್ಟಿಸುವ ಆಸಿಲೇಟರ್ ಕಟ್ಟುತ್ತಿದ್ದ. ವಾಲ್ವ್ ಕಾದು ಕೆಂಪಾಗುತ್ತಿದ್ದಂತೆ ಅದಕ್ಕೆ ಜೀವ ಬರುತ್ತಿತ್ತು. ಒಂದು ಸಂಜೆ ಅದರಿಂದ ಮನೆ ಎದುರಿನ ಪಂಚಾಯ್ತಿ ರೇಡಿಯೊದಲ್ಲಿ ಉದ್ದಕ್ಕೆ ಶಿಳ್ಳೆ ಬಂತು. ಜನ ಬೈದರು. ಇನ್ನು ವಾರ್ತೆಯ ಹೊತ್ತಲ್ಲಿ ಮುಟ್ಟೋದಿಲ್ಲ ಅಂತ ಅವನು ಕೈಮುಗಿದ.

ಶಿಳ್ಳೆ ಮಾತ್ರ ನಿಲ್ಲಲಿಲ್ಲ. ಅರವತ್ತೈದರ ಯುದ್ಧದ ವಾರ್ತೆಗೂ ಅಡ್ಡ ಬಂದಾಗ ಜನ ಮನೆ ಮುಂದೆ ಸೇರಿದರು.

"ಅಣ್ಣ, ನಾನು ಇವತ್ತು ಹಚ್ಚೇ ಇಲ್ಲ," ಅಂದ ಪಿಳ್ಳಣ್ಣ. "ವಾಲ್ವ್ ಮುಟ್ಟಿ ನೋಡು, ತಣ್ಣಗೈತೆ."

ಮುನಿವೆಂಕಟಪ್ಪ ಮುಟ್ಟಲಿಲ್ಲ. ಅವನಿಗೆ ಊರ ಮುಂದೆ ಮರ್ಯಾದೆ ಉಳಿಯಬೇಕಿತ್ತು. ಹಲಗೆ ಸಮೇತ ಎತ್ತಿ ಬೀದಿಗೆ ಎಸೆದ.

ಆಮೇಲೆ ಪಿಳ್ಳಣ್ಣ ಏನೂ ಕಟ್ಟಲಿಲ್ಲ. ಶಿಳ್ಳೆ ಬಂದಾಗಲೆಲ್ಲ, ಅಟ್ಟದಲ್ಲಿ ಇನ್ನೊಂದು ಬಚ್ಚಿಟ್ಟಿದ್ದಾನೆ ಅಂದರು. ಪಂಚಾಯ್ತಿ ಕಟ್ಟೆಯ ಮೇಲಿಂದ ಯಾರಾದರೂ ಒಬ್ಬರು ಅವನ ಮನೆ ಕಡೆ ತಿರುಗಿ ಆರಿಸೋ ಅಂತ ಕೂಗುತ್ತಿದ್ದರು. ಅವನು ಬಾಗಿಲು ಹಾಕಿಕೊಳ್ಳುತ್ತಿದ್ದ.

* * *

ಮಣ್ಣು ಮಾಡಿ, ಸ್ನಾನ ಮುಗಿಸಿ, ಹೆಣ ಮಲಗಿಸಿದ್ದ ಜಾಗದಲ್ಲಿಟ್ಟ ದೀಪ ನೋಡಲು ಜನ ವಾಪಸು ಬಂದರು. ಎದುರಿಗೆ ಪಂಚಾಯ್ತಿ ಜವಾನ ಆಂಜಿನಪ್ಪ ಎಂದಿನಂತೆ ವಾರ್ತೆಗೆ ರೇಡಿಯೊ ಹಾಕಿದ.

ಉದ್ದಕ್ಕೆ ಶಿಳ್ಳೆ ಬಂತು. ಅದೇ ಶಿಳ್ಳೆ.

"ಲೋ ಪಿಳ್ಳಣ್ಣ, ಆರಿ..." ಕಟ್ಟೆಯ ಮೇಲಿದ್ದ ಮುದುಕ ವೆಂಕಟರಾಮಪ್ಪ ಅಭ್ಯಾಸಬಲದಿಂದ ಕೂಗಿ, ಅಲ್ಲೇ ಬಾಯಿ ಮುಚ್ಚಿಕೊಂಡ.

ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಭೂಮಿ ಬಾಯ್ಬಿಡಬಾರದೇ ಅನ್ನಿಸಿತು ಮುನಿವೆಂಕಟಪ್ಪನಿಗೆ. ಆಂಜಿನಪ್ಪ ಗಾಬರಿಯಿಂದ ರೇಡಿಯೊಗೆ ಕೈ ಹಾಕಿದ.

ಪಾಪಮ್ಮ ಹೊಸ್ತಿಲಿಗೆ ಬಂದಳು. "ಆರಿಸ್ಬೇಡ ಕಣಪ್ಪ. ಎಲ್ರೂ ಕೇಳ್ಲಿ."

ಆಮೇಲೆ ಮುನಿವೆಂಕಟಪ್ಪನ ಕಡೆ ತಿರುಗಿ, ತಗ್ಗಿದ ದನಿಯಲ್ಲಿ ಅಂದಳು: "ನಾನೂ ನಂಬ್ಲಿಲ್ಲ ಭಾವ. ಅವ್ರು ಇಲ್ದಾಗ ಅಟ್ಟ ಹುಡುಕ್ದೆ. ಏನೂ ಇರ್ಲಿಲ್ಲ. ಬನ್ನಿ, ದೀಪ ನೋಡಿ."

ದೀಪದ ಪಕ್ಕದಲ್ಲಿ ಪಿಳ್ಳಣ್ಣನ ಎಲೆಯಡಿಕೆ ಚೀಲವಿತ್ತು. ಅದರ ಜೊತೆ, ಅಂದು ಬೀದಿಯಲ್ಲಿ ಒಡೆಯದೆ ಉಳಿದಿದ್ದ ಒಂದು ವಾಲ್ವ್. ಹೊರಗೆ ಶಿಳ್ಳೆ ಕೇಳುತ್ತಲೇ ಇತ್ತು. ಮುನಿವೆಂಕಟಪ್ಪ ಕುಕ್ಕರಗಾಲಲ್ಲಿ ಕೂತು ಕೈ ಚಾಚಿ ಅದನ್ನು ಮುಟ್ಟಿದ.

ತಣ್ಣಗಿತ್ತು.